ಜಗನ್ನಾಥನ ಕೂಲರ್ ಪರೀಕ್ಷೆ

ಜಗನ್ನಾಥ ಹುಟ್ಟಿದಾಗಿನಿಂದ ಎದೆ ತಟ್ಟಿ ಮಾತಾಡಿದ್ದು ಒಂದೇ ಸಲ. ಆ ಒಂದು ಸಲವೇ ಅವನ ಕೊರಳಿಗೆ ಉರುಳಾಯಿತು.

ಕಾಮಾಕ್ಷಿಪಾಳ್ಯದಲ್ಲಿ ದೊಡ್ಡಣ್ಣನ ಲೇತ್ ಶೆಡ್ಡಿಗೂ ವರಲಕ್ಷ್ಮಿಯ ಬ್ಲೌಸ್ ಹೊಲಿಯುವ ಅಂಗಡಿಗೂ ನಡುವೆ ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಎಷ್ಟು ಇಕ್ಕಟ್ಟೆಂದರೆ, ಗಿರಾಕಿ ಒಳಗೆ ಬಂದರೆ ಜಗನ್ನಾಥ ಉಸಿರು ಬಿಗಿಹಿಡಿದು ಗೋಡೆಗೆ ಅಂಟಿಕೊಳ್ಳಬೇಕು. ಈಚೆಗೆ ಆ ತೊಂದರೆಯೂ ತಪ್ಪಿತ್ತು, ಗಿರಾಕಿಯೇ ಬರುತ್ತಿರಲಿಲ್ಲ. ಬೋರ್ಡಿನ ಮೇಲೆ ಜೇಡ ಮಕ್ಕಳು ಮರಿಮಕ್ಕಳ ಸಮೇತ ಸಂಸಾರ ಹೂಡಿತ್ತು. ತಪ್ಪದೆ ಬರುತ್ತಿದ್ದುದೆಂದರೆ ಕೆಂಗೇರಿಯಿಂದ ಭಾವ ರಾಚಪ್ಪನ ಫೋನು.

“ಏನ್ ಜಗ್ಗ, ಇನ್ನೂ ಆ ಡಬ್ಬಗಳ ಮುಂದೇನೇ ಕೂತಿದೀಯಾ? ನಮ್ ಹಿಟ್ಟಿನ ಮಿಲ್ಲಲ್ಲಿ ರಾಗಿ ತೂಗೋಕೆ ಜನ ಇಲ್ಲ ಕಣೋ. ಬಂದ್ಬಿಡು.”

ಹಿಟ್ಟಿನ ಮಿಲ್ಲೆಂದರೆ ಜಗನ್ನಾಥನಿಗೆ ಯಮಲೋಕ. ಭಾವ ಒಂದು ಸಲ ಬೈದರೆ ಸೂರಿನಲ್ಲಿ ಕೂತ ಹಿಟ್ಟೆಲ್ಲ ಉದುರಿ, ಕೆಳಗೆ ನಿಂತವನು ಆ ಕ್ಷಣವೇ ಮುದುಕನಾಗುತ್ತಿದ್ದ. ಅಲ್ಲಿಗೆ ಹೋಗುವುದಕ್ಕಿಂತ ಇಲ್ಲೇ ಜೇಡನ ಜೊತೆ ಇರುವುದು ಮೇಲೆಂದು ಅವನು ದಿನ ದೂಡುತ್ತಿದ್ದ.

ಹೀಗಿರುವಾಗ ಬಸವೇಶ್ವರನಗರದಲ್ಲಿ ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿದ್ದ ಪಂಚಾಕ್ಷರಿಯವರು ಅವನ ಬಾಗಿಲಿಗೆ ಬಂದರು. ಅವರ ಕಂಪ್ಯೂಟರುಗಳಿಗೆಲ್ಲ ಜ್ವರ. ಎಡಿಟಿಂಗಿಗೆ ಕೂತರೆ ಸಾಕು, ಕಾದು ಕೆಂಡವಾಗಿ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಆಫ್!

“ಕಂಪ್ಯೂಟರಿನ ತಲೆ ಇದ್ದಂಗೆ ಈ ಪ್ರೊಸೆಸರ್ರು. ಅದರ ಮೇಲೆ ಕೂತು ಗಾಳಿ ಬೀಸೋದೇ ಈ ಕೂಲರ್ರು. ನಿಮ್ದು ಚಿಕ್ಕದು ಸಾರ್, ಕಾಡ್ಗಿಚ್ಚಿಗೆ ಬೀಸಣಿಗೆ ಹಿಡ್ದಂಗೆ. ದೊಡ್ಡದು ಹಾಕ್ಸಿ, ಒಳಗೆ ಊಟಿ ಆಗೋಗುತ್ತೆ. ಆಗ್ಲಿಲ್ಲಾಂದ್ರೆ ಅಂಗಡಿ ಮುಚ್ಚಿ ಹಿಟ್ಟಿನ ಮಿಲ್ಲಿಗೆ ಹೋಗ್ತೀನಿ!” ಎಂದು ಜಗನ್ನಾಥ ಎದೆ ತಟ್ಟಿದ್ದು ಆಗಲೇ.

“ಬಾಯಿ ಮಾತು ಬ್ಯಾಡ್ರಿ,” ಎಂದರು ದಾವಣಗೆರೆ ಕಡೆಯ ಪಂಚಾಕ್ಷರಿ. “ಚಿಕ್ಕದು, ದೊಡ್ಡದು ಎರಡೂ ಹಾಕಿ ಪರೀಕ್ಷೆ ಮಾಡ್ರಿ. ನಾಳೆ ಸಂಜೀಗೆ ಬರ್ತೀನಿ. ದೊಡ್ಡದು ಗೆದ್ರೆ ನಮ್ಮ ಸ್ಟುಡಿಯೋದ ಅಷ್ಟೂ ಕಂಪ್ಯೂಟರು ನಿಮ್ಮ ಕೈಗೆ.”

ಅವರು ಹೋಗಿ ಕಾರಿನಲ್ಲಿ ಕೂತರು. ಹೊಸ ಕಾರು. ಸೀಟಿನ ಮೇಲಿನ ಪ್ಲಾಸ್ಟಿಕ್ಕು ಹಪ್ಪಳ ಮುರಿದಂತೆ ಚರಚರ ಎಂದಿತು.

ಮರುದಿನ ಬೆಳಗಾದರೂ ಸೂರ್ಯನಿಗೆ ಏಳುವ ಮನಸ್ಸಿರಲಿಲ್ಲ. ಆಕಾಶ ನೆಲ ಒರೆಸಿದ ಬಟ್ಟೆಯಂತೆ ಜೋತುಬಿದ್ದಿತ್ತು. ಜಗನ್ನಾಥ ಅಂಗಡಿಯ ಕಂಪ್ಯೂಟರಿಗೆ ಮೊದಲು ಚಿಕ್ಕ ಕೂಲರ್ ಕೂರಿಸಿ, ಗಾಣಕ್ಕೆ ಕಟ್ಟಿದ ಎತ್ತಿನಂತೆ ಅದನ್ನು ದುಡಿಸತೊಡಗಿದ. ಪರದೆಯ ಮೇಲೆ ಬಿಸಿಯ ಲೆಕ್ಕ ಏರಿತು, ಏರಿತು, ಎಪ್ಪತ್ತೆಂಟು ಡಿಗ್ರಿಗೆ ಬಂದು ನಿಂತುಬಿಟ್ಟಿತು. ಆಫ್ ಆಗಲಿಲ್ಲ.

‘ಪಂಚಾಕ್ಷರಿಯವರ ಹತ್ತಿರ ಇರೋದೂ ಇದೇ ಕೂಲರ್. ಅಲ್ಲಿ ಯಾಕೆ ಆಫ್ ಆಗುತ್ತೆ?’ ಎಂದು ಅವನಿಗೆ ಅರೆಗಳಿಗೆ ಅನುಮಾನ ಬಂತು. ಅವರು ಮಾಡೋದು ದೊಡ್ಡವರ ಮನೆ ಮದುವೆ, ಒಡವೆ ಭಾರಕ್ಕೇ ಕಂಪ್ಯೂಟರ್ ಕಾಯುತ್ತೇನೋ ಎಂದು ಸಮಾಧಾನ ಮಾಡಿಕೊಂಡ.

ಆಮೇಲೆ ದೊಡ್ಡ ಕೂಲರನ್ನು ಪೆಟ್ಟಿಗೆಯಿಂದ ತೆಗೆದ. ಅದೇನು ಕೂಲರೋ ದೇವಸ್ಥಾನದ ಗೋಪುರವೋ! ಅದರ ಅಡಿಯ ತಾಮ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಗೀರು ಬೀಳದಿರಲೆಂದು ಅಂಟಿಸಿದ್ದ ಗಾಜಿನಂಥ ತೆಳು ಪ್ಲಾಸ್ಟಿಕ್ಕನ್ನು ಜೋಪಾನವಾಗಿ ಕಿತ್ತು ಮೇಜಿನ ಮೇಲಿಟ್ಟ. ನೋಡಿದರೆ ಅದರ ಸ್ಕ್ರೂಗೆ ಒಪ್ಪುವ ಸ್ಕ್ರೂಡ್ರೈವರಿಲ್ಲ. ದೊಡ್ಡಣ್ಣನ ಶೆಡ್ಡಿಗೆ ಓಡಿದ.

ಹಿಂದಿರುಗುವಷ್ಟರಲ್ಲಿ ಮಹಡಿಯಿಂದ ಮನೆ ಓನರ್ ಅಂಜಮ್ಮ ಇಳಿದು ಬಂದಿದ್ದರು. ಅಂಜಮ್ಮನ ಅಚ್ಚುಕಟ್ಟು ಇಡೀ ಬೀದಿಗೇ ಗೊತ್ತು. ಅವರ ಸೋಫಾ, ಫ್ರಿಜ್ಜು, ಟೀವಿ ರಿಮೋಟು, ಗೋಡೆಯ ಮೇಲಿನ ಗಂಡನ ಫೋಟೋ, ಎಲ್ಲವೂ ತಂದ ದಿನ ಹೇಗಿದ್ದವೋ ಹಾಗೇ ಇದ್ದವು. ಈಗ ಕೂಲರನ್ನು ಎಳೆ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸುತ್ತಿದ್ದರು.

“ಹೊಸಾ ಸಾಮಾನು ಹಿಂಗ್ ಎಲ್ಲಂದ್ರಲ್ಲಿ ಬಿಸಾಕೋಗ್ತಾರೇನೋ? ಹಿಡ್ಕೋ,” ಎಂದು ಕೊಟ್ಟು ಮೆಟ್ಟಿಲು ಹತ್ತಿದರು.

ಪ್ರೊಸೆಸರ್ ಮೇಲೆ ದೋಸೆಗೆ ಬೆಣ್ಣೆ ಸವರಿದಂತೆ ಬಿಸಿಯನ್ನು ಕೂಲರಿಗೆ ದಾಟಿಸುವ ಬಿಳಿ ಪೇಸ್ಟ್ ಸವರಿ, ಜಗನ್ನಾಥ ಗೋಪುರ ಪ್ರತಿಷ್ಠಾಪನೆ ಮಾಡಿದ. ಸ್ವಿಚ್ ಒತ್ತಿದ. ಎಂಬತ್ತು. ಎಂಬತ್ತೆಂಟು. ತೊಂಬತ್ತೈದು. ಟಪ್! ಪರದೆ ಕಪ್ಪಾಯಿತು. ಮತ್ತೆ ಒತ್ತಿದ. ಮತ್ತೆ ಕಪ್ಪು.

ಜಗನ್ನಾಥನ ಮುಖವೂ ಅದೇ ಬಣ್ಣಕ್ಕೆ ಬಂತು. ಮೂಗಿಗೆ ಆಗಲೇ ರಾಗಿ ಹಿಟ್ಟಿನ ವಾಸನೆ ಹೊಡೆಯಿತು.

“ಸ್ಕ್ರೂ ಲೂಸಿರ್ಬೇಕು ಕಣೋ,” ಎನ್ನುತ್ತ ದೊಡ್ಡಣ್ಣ ನುಗ್ಗಿ, ಲಾರಿ ಚಕ್ರಕ್ಕೆ ತಿರುವಿದಂತೆ ತಿರುವಿದ. ಮೇಜು ಕಿರುಗುಟ್ಟಿತು. ಬಿಸಿ ಒಂದು ಡಿಗ್ರಿಯೂ ಇಳಿಯಲಿಲ್ಲ.

“ನಮ್ ಹೊಲಿಗೆ ಮೆಷಿನ್ ಕಾದ್ರೆ ಒದ್ದೆ ಬಟ್ಟೆ ಹಾಕ್ತೀವಣ್ಣ,” ಎಂದು ವರಲಕ್ಷ್ಮಿ ನೀರು ತೊಟ್ಟಿಕ್ಕುವ ಲೈನಿಂಗ್ ಬಟ್ಟೆ ಹಿಡಿದು ಬಂದಳು.

“ಅಯ್ಯೋ ಬೇಡಮ್ಮಾ! ಕರೆಂಟ್ ಹೊಡ್ದು ನಾವೆಲ್ಲ ಒಟ್ಗೇ ಹೋಗ್ತೀವಿ!” ಎಂದು ಜಗನ್ನಾಥ ಅಡ್ಡ ನಿಂತ.

“ಹೋಗೋದಾದ್ರೆ ಹೇಳಣ್ಣ, ಗೌರಿ ಹಬ್ಬದ ಬ್ಲೌಸ್ ಇನ್ನೂ ಬಾಕಿ ಇವೆ.”

ಅಷ್ಟರಲ್ಲಿ ಅಂಜಮ್ಮ, “ದೃಷ್ಟಿ ಆಗಿರೋದು ಕಣೋ,” ಎಂದು ಒಣಮೆಣಸಿನಕಾಯಿ ನಿವಾಳಿಸಿ ಬಾಗಿಲಲ್ಲೇ ಕೆಂಡಕ್ಕೆ ಹಾಕಿದರು. ಆ ಘಾಟಿಗೆ ಮಾಗಡಿ ರೋಡಿನ ಬಸ್ಸುಗಳೂ ಸೀನಿದವು. ಕೂಲರಿನ ಫ್ಯಾನು ಹೊಗೆಯನ್ನೆಲ್ಲ ಎಳೆದುಕೊಂಡಿತು. ಕಂಪ್ಯೂಟರು ಇನ್ನೂ ಬೇಗ ಪ್ರಾಣ ಬಿಟ್ಟಿತು.

ಎಲ್ಲರೂ ಕಣ್ಣೀರು ಸುರಿಸುತ್ತ, ಸಾವಿನ ಮನೆಯಲ್ಲಿ ನಿಂತಂತೆ ಸಾಲಾಗಿ ನಿಂತಿದ್ದಾಗ ಪಂಚಾಕ್ಷರಿಯವರು ಬಂದರು.

“ಏನ್ರಿ, ಯಾರು ಹೋದ್ರು?”

“ನಾನೇ ಸಾರ್,” ಎಂದ ಜಗನ್ನಾಥ. “ಚಿಕ್ಕದು ಎಪ್ಪತ್ತೆಂಟಕ್ಕೆ ನಿಲ್ತು. ದೊಡ್ಡದು ನಿಲ್ಲಲೇ ಇಲ್ಲ. ಸೋತೆ.”

ದೊಡ್ಡಣ್ಣ ಮುಂದೆ ನುಗ್ಗಿದ. “ಕಿತ್ತು ಬಿಸಾಕು ಈ ದರಿದ್ರನ!” ಎಂದು ಸ್ಕ್ರೂ ಬಿಚ್ಚಿ ಕೂಲರನ್ನು ಎತ್ತಿದ. ಅದರ ಅಡಿಯಲ್ಲಿ, ಪೇಸ್ಟಿಗೂ ತಾಮ್ರಕ್ಕೂ ನಡುವೆ, ತೆಳ್ಳಗೆ ಏನೋ ಮಿಣಮಿಣ ಹೊಳೆಯಿತು.

ಪ್ಲಾಸ್ಟಿಕ್ಕು!

“ಇದನ್ನ ನಾನೇ ಕಿತ್ತಿಟ್ಟಿದ್ದೆ!” ಜಗನ್ನಾಥ ಕಿರುಚಿದ.

“ಕಿತ್ತಿದ್ದೆಯಲ್ಲಪ್ಪಾ, ಬುದ್ಧಿ ಇಲ್ದೋನೆ,” ಎಂದರು ಅಂಜಮ್ಮ. “ತಂದ ದಿನಾನೇ ಕೀಳ್ತಾರಾ ಯಾರಾದ್ರೂ? ನಾನಾಗಿದ್ದಕ್ಕೆ ಒಂದ್ ಗುಳ್ಳೆ ಇಲ್ದಂಗೆ ಮತ್ತೆ ಅಂಟಿಸ್ದೆ. ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ ನೀನು!”

ಜಗನ್ನಾಥನಿಗೆ ಅಂಜಮ್ಮನ ಕಾಲು ಹಿಡಿಯಬೇಕೋ ಕತ್ತು ಹಿಡಿಯಬೇಕೋ ತಿಳಿಯಲಿಲ್ಲ. ಪ್ಲಾಸ್ಟಿಕ್ಕು ಸುಲಿದ, ಪೇಸ್ಟ್ ಸವರಿದ, ಗೋಪುರ ಕೂರಿಸಿದ. ಸ್ವಿಚ್ ಒತ್ತಿದ. ನಲವತ್ತು. ಐವತ್ತು. ಐವತ್ತಾರು. ಅಲ್ಲೇ, ಕಟ್ಟೆ ಮೇಲೆ ಕೂತ ಅಜ್ಜನಂತೆ, ಕೂತುಬಿಟ್ಟಿತು.

ವರಲಕ್ಷ್ಮಿ ಚಪ್ಪಾಳೆ ತಟ್ಟಿದಳು. ದೊಡ್ಡಣ್ಣ ಬೆನ್ನು ಗುದ್ದಿದ ಏಟಿಗೆ ಜಗನ್ನಾಥ ಒಂದು ಮೊಳ ಮುಂದೆ ಹೋದ. ಅಂಗಡಿ ಇಟ್ಟ ಅಷ್ಟೂ ವರ್ಷಗಳಲ್ಲಿ ಮೊದಲ ಸಲ ಅವನ ಮುಖದ ಮೇಲೆ ನಗು ಬಂತು. ಪಂಚಾಕ್ಷರಿಯವರು ಮಾತ್ರ ಆ ಪ್ಲಾಸ್ಟಿಕ್ಕನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದರು.

“ಇದನ್ನ ಕೀಳಬೇಕೇನ್ರಿ?”

“ಕೀಳ್ಲೇಬೇಕು ಸಾರ್!” ಗೆದ್ದ ಸಡಗರದಲ್ಲಿ ಜಗನ್ನಾಥನ ಬಾಯಿ ಮತ್ತೆ ಉದ್ದವಾಯಿತು. “ಬೇಸಿಗೇಲಿ ರೈನ್‌ಕೋಟ್ ತೊಟ್ಕೊಂಡು ಸೆಖೆ ಸೆಖೆ ಅಂದಂಗೆ ಇದು. ಇದಿದ್ರೆ ಎಂಥಾ ಕೂಲರ್ರೂ ವೇಸ್ಟು. ಇದಿಲ್ದಿದ್ರೆ ನೋಡಿ, ಆ ಚಿಕ್ಕದೂ ಕೂಡ ಆಫ್ ಆಗ್ಲಿಲ್ಲ!”

ಪಂಚಾಕ್ಷರಿಯವರು ಮೆಲ್ಲಗೆ ಫೋನ್ ತೆಗೆದು ಮಗಳಿಗೆ ಮಾಡಿದರು. “ಅನಘಾ, ನಾನು ಕೂರಿಸಿದ್ನಲ್ಲಮ್ಮಾ ಆ ಕೂಲರು, ಒಂದು ಬಿಚ್ಚಿ ನೋಡು. ಅಡಿಯಾಗ ಪ್ಲಾಸ್ಟಿಕ್ ಐತೇನು?”

ಫೋನಿನಲ್ಲಿ ಸ್ಕ್ರೂ ಬಿಚ್ಚುವ ಸದ್ದು ಬಂತು. ಆಚೆಯಿಂದ ಮಗಳ ದನಿ ಎಲ್ಲರಿಗೂ ಕೇಳಿಸಿತು. “ಇದೆ ಅಪ್ಪಾ. ನೀವೇ ಅಲ್ವಾ, ಹೊಸದು, ಯಾವುದರದ್ದೂ ಕೀಳ್ಬೇಡ ಅಂದಿದ್ದು?”

“ನೋಡ್ದೇನಪ್ಪಾ,” ಎಂದರು ಅಂಜಮ್ಮ, “ದೊಡ್ಡ ಮನುಷ್ಯರು ಅಂದ್ರೆ ಹಂಗಿರ್ತಾರೆ.”

ಪಂಚಾಕ್ಷರಿಯವರು ಜಗನ್ನಾಥನ ಎರಡೂ ಕೈ ಹಿಡಿದುಕೊಂಡರು. “ನಿಮ್ಮಿಂದ ದೊಡ್ಡ ಉಪಕಾರ ಆತು ನೋಡ್ರಿ. ಕೂಲರೂ ಬ್ಯಾಡ, ರಿಪೇರಿನೂ ಬ್ಯಾಡ, ಬರೀ ಸಿಪ್ಪೆ ಸುಲಿದ್ರೆ ಮುಗೀತು. ಆ ಪೇಸ್ಟ್ ಅಷ್ಟು ಕೊಡ್ರಿ.”

ಜಗನ್ನಾಥನಿಗಿಂತ ಮೊದಲು ದೊಡ್ಡಣ್ಣನೇ ಪೇಸ್ಟಿನ ಟ್ಯೂಬು ಎತ್ತಿ ಅವರ ಜೇಬಿಗೆ ಹಾಕಿದ. ಕಾರಿನ ಸೀಟು ಚರಚರ ಎಂದು ನಕ್ಕು ಬಸವೇಶ್ವರನಗರದ ಕಡೆ ಹೋಯಿತು.

ಗೆದ್ದ ಕೂಲರು ಮೇಜಿನ ಮೇಲೆ ತಣ್ಣಗೆ ಗಾಳಿ ಬೀಸುತ್ತಿತ್ತು. ಜಗನ್ನಾಥ ಅದರ ಮುಂದೆ ಕೂತು ಬೆವರು ಆರಿಸಿಕೊಂಡ. ಅದರಿಂದ ಅವನಿಗೆ ಆದ ಲಾಭ ಅಷ್ಟೇ. ಹೊರಗೆ ಕತ್ತಲಾಗುತ್ತ ಬಂತು. ಬೋರ್ಡಿನ ಮೇಲಿನ ಜೇಡ ಇನ್ನೊಂದು ಎಳೆ ಎಳೆಯಿತು. ಫೋನು ಬಡಿದುಕೊಂಡಿತು.

“ಏನ್ ಜಗ್ಗ, ನಿನ್ನೆ ರಾತ್ರಿ ಫೋನಲ್ಲಿ ಹೇಳಿದ್ಯಲ್ಲ, ಏನಾಯ್ತೋ ಆ ನಿನ್ ಪರೀಕ್ಷೆ?”

“ಪಾಸಾದೆ ಭಾವ,” ಎಂದ ಜಗನ್ನಾಥ. ಕಂಪ್ಯೂಟರಿನ ಸ್ವಿಚ್ ಆರಿಸಿ, “ನಾಳೆ ಬರ್ತೀನಿ” ಎಂದ.

“ಬಾ ಬಾ! ನಿನಗೇ ಅಂತ ಹೊಸಾ ತಕ್ಕಡಿ ತಂದಿದೀನಿ. ಕರೆಂಟಿಂದು, ನಂಬರ್ ತೋರ್ಸುತ್ತೆ.” ರಾಚಪ್ಪನ ದನಿ ತಟ್ಟನೆ ಗಟ್ಟಿಯಾಯಿತು. “ಆದ್ರೆ ಈಗ್ಲೇ ಹೇಳ್ಬಿಡ್ತೀನಿ ಕಣೋ. ಅದರ ಮೇಲಿರೋ ಪ್ಲಾಸ್ಟಿಕ್ ಮಾತ್ರ ಮುಟ್ಬೇಡ!”