ಜಮೀನ್ದಾರನ ಮಗಳ ಸಾವಿನ ಠರಾವು

ಸಂಡೂರಿನ ಗಣಿ ಕಾರ್ಮಿಕರ ವಾಚನಾಲಯದಲ್ಲಿ ಮುನ್ನುಡಿ ಓದದೆ ಹಳೆಯ ರಷ್ಯನ್ ಕಾದಂಬರಿ ಓದುವುದು ನಿಷಿದ್ಧವಾಗಿರುತ್ತದೆ. ಕಾದಂಬರಿ ಬರೆದವರು ಜಮೀನ್ದಾರರು, ಮುನ್ನುಡಿ ಬರೆದವರು ಪಕ್ಷದವರು. ಲೇಖಕರು ತಮಗೇ ಗೊತ್ತಿಲ್ಲದಂತೆ ಕಾರ್ಮಿಕರ ಪರವಾಗಿದ್ದರೆಂದು ಮುನ್ನುಡಿಯೇ ಸಾರುವುದರಿಂದ, ಸಮಿತಿಯವರಾರೂ ಅದರಾಚೆ ಹೋಗುವ ತೊಂದರೆ ತೆಗೆದುಕೊಂಡಿಲ್ಲ. ಪುಸ್ತಕ ಕಳಿಸಿದ ದೇಶವೇ ಈಗಿಲ್ಲ. ಆ ವಿಷಯ ಇನ್ನೂ ಸಭೆಯ ಮುಂದೆ ಬಂದಿಲ್ಲ. ಅದಿರಿನ ಧೂಳು ಕೂತು ಪುಸ್ತಕಗಳೆಲ್ಲ ಕೆಂಪಾಗಿರುವುದು ಸಮಿತಿಗೆ ತೃಪ್ತಿ ತಂದಿದೆ.

ಅದಿರು ಆರಿಸುವ ಜಂಬವ್ವ ಈ ನಿಯಮ ಮುರಿದಳು. ಮುನ್ನುಡಿ ಬಿಟ್ಟು ನೇರವಾಗಿ ಕಥೆಗೇ ಹೋದಳು. ಅಲ್ಲಿ ಜಮೀನ್ದಾರನ ಮಗಳು ಜ್ವರದಲ್ಲಿ ಮಲಗಿದ್ದಳು. ಜಂಬವ್ವನ ಮಗಳೂ ಹಾಗೆಯೇ ಮಲಗಿ ಏಳದೆ ಹೋದವಳು. ವಾಚನಾಲಯದ ಬೆಂಚಿನ ಮೇಲೇ ಆಕೆ ಅತ್ತುಬಿಟ್ಟಳು.

ಕಾರ್ಯದರ್ಶಿ ಸಿದ್ದಲಿಂಗೇಶ್ ಪುಸ್ತಕ ಕಸಿದುಕೊಂಡು ತುರ್ತು ಸಭೆ ಕರೆದರು. ಕಂಪ್ಲಿಯಲ್ಲಿ ರೈಸ್ ಮಿಲ್ಲು, ಸಂಡೂರಿನಲ್ಲಿ ಅಕ್ಕಿ ಅಂಗಡಿ ಇರುವ ಇವರೂ ತಮಗೇ ಗೊತ್ತಿಲ್ಲದಂತೆ ಕಾರ್ಮಿಕರ ಪರ.

"ಯಾರ ಸಲುವಾಗಿ ಅತ್ತಿ, ಜಂಬವ್ವ?"

"ಆ ಹುಡುಗಿ ಸಲುವಾಗ್ರಿ. ಜ್ವರ ಇಳಿವಲ್ದು."

"ಅಕಿ ಶೋಷಕ ವರ್ಗದಾಕಿ."

"ಇರಬಹುದ್ರಿ. ಮೈ ಭಾಳ ಸುಡಾಕತ್ತೈತಿ. ಬದುಕ್ತಾಳೋ ಇಲ್ಲೋ, ಅಷ್ಟು ಹೇಳ್ರಿ ಸಾಕು."

ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪುಸ್ತಕ ತೆರೆದು ನೋಡೋಣವೆಂದ ಸದಸ್ಯ ಹುಲುಗೇಶನನ್ನು ಶಿಸ್ತು ಉಲ್ಲಂಘನೆಗಾಗಿ ಹೊರಗೆ ಕಳಿಸಲಾಯಿತು. ಜಮೀನ್ದಾರಿ ವರ್ಗದ ಅವಸಾನ ಅನಿವಾರ್ಯವೆಂದು ಮುನ್ನುಡಿಯಲ್ಲಿತ್ತು. ಸದರಿ ಆಧಾರದ ಮೇಲೆ ಹುಡುಗಿ ಸತ್ತಿರುತ್ತಾಳೆಂದು ಠರಾವು ಮಂಡಿಸಲಾಯಿತು.

"ನೀನೂ ಕೈ ಎತ್ತವ್ವ. ಇಲ್ಲಾಂದ್ರ ಸದಸ್ಯತ್ವ ಹೋಗ್ತೈತಿ," ಎಂದರು ಕಾರ್ಯದರ್ಶಿ.

"ಎತ್ತಿದ್ರ ಪುಸ್ತಕ ಕೊಡ್ತೀರೇನ್ರಿ?"

"ಮುನ್ನುಡಿ ಕೊಡ್ತೀವಿ."

ಜಂಬವ್ವ ಕೈ ಎತ್ತಿದಳು. ಠರಾವು ಸರ್ವಾನುಮತದಿಂದ ಪಾಸಾಯಿತು. ಮರುದಿನ ಪ್ರಕಟಣೆ ಹೊರಟಿತು:

'ಹುಡುಗಿ ಮೃತಳಾಗಿರುವುದರಿಂದ ಕಾದಂಬರಿಯ ಉಳಿದ ಹಾಳೆಗಳು ಅನಗತ್ಯ. ಅವನ್ನು ಹರಿದು ಶ್ರಮಿಕರ ಉಪಯೋಗಕ್ಕೆ ಒದಗಿಸತಕ್ಕದ್ದು. ಭಾನುವಾರ ಶ್ರದ್ಧಾಂಜಲಿ ಸಭೆ. ಘೋಷಣೆಯ ನಂತರ ಅಳಲು ಅವಕಾಶವಿದೆ.'

ಹಾಳೆಗಳು ಕಾರ್ಯದರ್ಶಿಯವರ ಅಂಗಡಿ ಸೇರಿ ಶ್ರಮಿಕರಿಗೆ ನುಚ್ಚು ಕಟ್ಟಿಕೊಡಲು ಉಪಯೋಗವಾದವು. ಶನಿವಾರ ಜಂಬವ್ವನಿಗೆ ಸಿಕ್ಕ ಪೊಟ್ಟಣದ ಹಾಳೆಯಲ್ಲಿ ಜಮೀನ್ದಾರನ ಮಗಳು ಎದ್ದು ಕೂತು ಗಂಜಿ ಕೇಳುತ್ತಿದ್ದಳು. ಜಂಬವ್ವ ನುಚ್ಚನ್ನು ಸೆರಗಿಗೆ ಸುರುವಿಕೊಂಡು ಹಾಳೆಯನ್ನು ಗಲ್ಲಾದ ಮೇಲೆ ಬಿಡಿಸಿಟ್ಟಳು.

"ಅಕಿ ಬದುಕ್ಯಾಳ್ರಿ."

ಸಿದ್ದಲಿಂಗೇಶ್ ಓದಿದರು. ಅವರು ಓದಿದ ಮೊದಲ ಕಾದಂಬರಿ ಹಾಳೆ ಅದು. "ಠರಾವು ಆಗೇತವ್ವ," ಎಂದರು.

"ಹೌದ್ರಿ. ನಾನೂ ಕೈ ಎತ್ತೀನಿ."

ಭಾನುವಾರ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಜಂಬವ್ವ ಘೋಷಣೆ ಮುಗಿಯುವವರೆಗೆ ಕಾದು, ಆಮೇಲೆ ಅತ್ತಳು.