ಕಂಪ್ಯೂಟರಿನೊಳಗಿನ ಸನಾದಿ

ಸಿಂಧನೂರಿನ ನನ್ನ ಪುಟ್ಟ ರೆಕಾರ್ಡಿಂಗ್ ಖೋಲಿಯಲ್ಲಿ ನಮ್ಮ ದೇವರು ಮಲ್ಲಯ್ಯ ಒಂದು ಸಲವಾದರೂ ನಗಿಸದೆ ಯಾವ ಹಾಡನ್ನೂ ಮುಗಿಯಗೊಟ್ಟವನಲ್ಲ. ಭಜನೆ ಪದಗಳಿಗೆ ಬೇಕಾದ ವಾದ್ಯಗಳೆಲ್ಲ ನನ್ನ ಲ್ಯಾಪ್‌ಟಾಪಿನ ಸಿಂಥಸೈಜರ್ ಸಾಫ್ಟ್‌ವೇರಿನಲ್ಲಿವೆ. ಕೀಲಿ ಒತ್ತಿದರೆ ನುಡಿಯುತ್ತವೆ. ಈ ಶ್ರಾವಣದಲ್ಲಿ ಮಸ್ಕಿ ಕಡೆಯ ಒಂದು ಮಲ್ಲಯ್ಯನ ಗುಡಿಯ ಹಿರಿಯರು ಬಂದು, "ಮುಂಜಾನಿ ಪೂಜಿಗೆ ಇದರಾಗ ಸನಾದಿ ಮಾಡಿ ಕೊಡ್ರಿ. ಚಲೋ ಬಂದ್ರ ನಮ್ಮ ಸನಾದಿ ಕಾಕಾನ ಸೇವಾ ಬಿಡಸ್ತೀವಿ. ವಯಸ್ಸಾಗೈತಿ ಅವಂಗ" ಎಂದರು. ಕಾಕಾ ಮೀಸೆ ಮೂಡುವ ಮೊದಲಿನಿಂದ ಅಲ್ಲಿ ಊದುವವರು. ಒಬ್ಬರ ದೇವರ ಸೇವೆ ಬಿಡಿಸಿದ ಪಾಪ ನನ್ನ ಬೆರಳಿಗೆ ಬೇಡಪ್ಪಾ ಎಂದು ಊದಿನಕಡ್ಡಿ ಹಚ್ಚಿ, ಕೈಮುಗಿದು, ಕೆಲಸಕ್ಕೆ ಕೂತೆ.

ಗಾಳಿ

ಸನಾದಿಯ ಜೊತೆಗೆ ಹಾರ್ಮೋನಿಯಂ ನುಡಿಸಲು ಗೊರೇಬಾಳದ ಅಜ್ಜ ಬಂದರು. ಹಾರ್ಮೋನಿಯಂ ಪೆಟ್ಟಿಗೆಯ ಬರೀ ಚಿತ್ರ ಪರದೆಯ ಮೇಲಿತ್ತು. ಬಲಗೈ ಕೀಲಿಗಳ ಮೇಲೆ ಓಡಿತು. ಎಡಗೈ ತಿದಿ ಒತ್ತುವ ರೂಢಿಯಂತೆ ಲ್ಯಾಪ್‌ಟಾಪಿನ ಪರದೆ ಹಿಡಿದು ಹಿಂದೆ ಮುಂದೆ ಆಡಿಸತೊಡಗಿತು. ನಾಲ್ಕನೇ ಸಲಕ್ಕೆ ಪರದೆ ಪೂರ್ತಿ ಮುಚ್ಚಿ ಸದ್ದೇ ನಿಂತಿತು.

ಅಜ್ಜ ಗಂಭೀರವಾಗಿ, "ತಿದಿ ಹರದೈತಿ ನೋಡು ತಮ್ಮಾ, ಗಾಳಿ ನಿಲ್ಲವಲ್ದು" ಎಂದರು.

ಉಸಿರು

ನಾನು ಮಾಡಿದ ಸನಾದಿ ಕೇಳಲು ಕಾಕಾ ತಾವೇ ಬಂದರು. ಕಣ್ಣು ಮುಚ್ಚಿ ಕೇಳುತ್ತ ಹೋದಂತೆ ಮುಖ ಬಾಡಿತು. ನಾನು ಸನಾದಿ ನಿಲ್ಲಿಸಿ ಕೇಳಿದೆ:

"ಮನಸಿಗಿ ಬ್ಯಾಸರಾತೇನ್ರಿ ಕಾಕಾ?"

"ನನಗಲ್ಲೋ. ಒಳಗ ಊದಾವಂಗ ಒಂದ್ ಸಲರ ಉಸಿರು ತಗೋಳಾಕ ಬಿಡು. ಸತ್ತುಗಿತ್ತಾನು."

ಅಲ್ಲಲ್ಲಿ ಬಿಡುವು ಇಟ್ಟು ಮತ್ತೆ ಕೇಳಿಸಿದೆ. ಕಾಕಾ ತಲೆದೂಗಿ, "ಹಂಗ ಅವಂಗ ಒಂದ್ ಕಪ್ ಚಾ ಕುಡಸು" ಎಂದರು.

ಹುಣಸೆಹಣ್ಣು

ಕಡೆಗೆ ಹಿರಿಯರು ಗುಡಿಯ ಕಟ್ಟೆಯ ಮೇಲೆ ಪರೀಕ್ಷೆ ಇಟ್ಟರು: ಮೊದಲು ಲ್ಯಾಪ್‌ಟಾಪ್, ಆಮೇಲೆ ಕಾಕಾ. ಸನಾದಿ ಊದುವವನ ಎದುರು ಹುಣಸೆಹಣ್ಣು ಚೀಪಿದರೆ ಅವನ ಬಾಯಲ್ಲಿ ನೀರೂರಿ ಸ್ವರ ಕೆಡುತ್ತದೆ. ಮದುವೆಮನೆಯ ಹುಡುಗರ ಹಳೆಯ ಕಿತಾಪತಿ ಅದು. ಲ್ಯಾಪ್‌ಟಾಪ್ ಶುರುವಾದದ್ದೇ ಕಾಕಾ ಜೇಬಿನಿಂದ ಹುಣಸೆಹಣ್ಣಿನ ಉಂಡೆ ತೆಗೆದು, ಸ್ಪೀಕರಿನ ಎದುರಿಗೇ ಕೂತು, ಚಪ್ಪರಿಸಿ ಚಪ್ಪರಿಸಿ ಚೀಪಿದರು. ಲ್ಯಾಪ್‌ಟಾಪ್ ಜಗ್ಗಲಿಲ್ಲ. ಒಂದು ಸ್ವರವೂ ತಪ್ಪದೆ ಮುಗಿಸಿತು.

ಕಾಕಾನ ಸರದಿ ಬಂತು. ಸನಾದಿ ತುಟಿಗಿಟ್ಟರೆ ಅವರದೇ ಬಾಯಿ ತುಂಬ ನೀರು. ಪೀಂ ಅಂದದ್ದು ಒಂದೇ ಸಲ; ಆಮೇಲೆ ಬರೀ ಬುಳುಬುಳು. ನಾನು ಒಳಗೊಳಗೇ ಮಲ್ಲಯ್ಯನನ್ನು ನೆನೆದೆ.

ಹಿರಿಯರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಈ ಕಾಕಾನ ಇರ್ಲಿ ಬಿಡ್ರಿ. ಹುಣಸಿಹಣ್ಣಿನ ರುಚೀನ ಹತ್ತಲಾರದ ಪೆಟ್ಟಿಗಿಗೆ ಮಲ್ಲಯ್ಯನ ಪ್ರಸಾದದ ರುಚಿ ಏನ್ ಹತ್ತೀತು?" ಎಂದರು.

ಕಾಕಾ ಸನಾದಿ ಕೆಳಗಿಟ್ಟು ಕೈಚಾಚಿದರು: "ಹಂಗಾದ್ರ ಪ್ರಸಾದ ಈಗ ಕೊಡ್ರಿ. ಬಾಯಿ ಹುಳಿಹುಳಿ ಆಗೈತಿ."