ಮೂರು ಹನಿ ಪ್ರೋಕ್ಷಣೆ

ಕೈಗೆ ಒಂದು ಕೆಲಸ ರೂಢಿಯಾಗಿಬಿಟ್ಟರೆ ಆಮೇಲೆ ಅದು ತಲೆಯ ಅಪ್ಪಣೆಗೆ ಕಾಯುವುದಿಲ್ಲ. ನನ್ನ ಬಲಗೈಗೆ ಅಂಟಿದ ರೂಢಿ ನೀರು ಚಿಮುಕಿಸುವುದು. ಕಾಶಿಗೆ ಬರುವ ಕರ್ನಾಟಕದ ಯಾತ್ರಿಕರಿಗೆ ಪೌರೋಹಿತ್ಯ ಮಾಡಿಸುವ ಮನೆತನ ನಮ್ಮದು. ಹೂವು, ದರ್ಭೆ, ಪಿಂಡ, ಕೊನೆಗೆ ಯಾತ್ರಿಕರು, ಎಲ್ಲದರ ಮೇಲೂ ಮೂರು ಹನಿ ಗಂಗೆ ಬೀಳದೆ ನಮ್ಮಲ್ಲಿ ಯಾವುದೂ ಶುರುವಾಗುವುದಿಲ್ಲ. ಮನೆಗೆ ಫ್ರಿಜ್ ಬಂದಾಗ ಅದಕ್ಕೂ ಪ್ರೋಕ್ಷಣೆ ಆಯಿತು. ಒಮ್ಮೆ ಇಲ್ಲಿನ ಸೋನಾರ್‌ಪುರದಲ್ಲಿ ಹೊಚ್ಚಹೊಸ ಇ-ರಿಕ್ಷಾ ಹತ್ತಿದವನು ಕೇಳದೆಯೇ ಅದಕ್ಕೂ ಚಿಮುಕಿಸಿದೆ. ಚಾಲಕ ಕತ್ತು ಒರೆಸಿಕೊಂಡು ಆಕಾಶ ನೋಡಿದ. ಇದಕ್ಕೆಂದೇ ನನ್ನ ಹೆಗಲಚೀಲದಲ್ಲಿ ತಿರುಪಿನ ಮುಚ್ಚಳದ ಪುಟ್ಟ ತಾಮ್ರದ ಬಾಟಲಿ ಸದಾ ಇರುತ್ತದೆ.

ನನ್ನ ಮಗಳು ವೀಣಾ ಇಲ್ಲಿಯೇ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಹುಟ್ಟಿ ಬೆಳೆದದ್ದೆಲ್ಲ ಕಾಶಿ, ಹೀಗಾಗಿ ಮನೆಯಲ್ಲಿ ಹಿಂದಿ ಬೆರೆಸಿದ ಕನ್ನಡ ಆಡುತ್ತಾಳೆ. ಕನ್ನಡ ಬರೆಯುವುದೆಂದರೆ ಮಾತ್ರ ಮೊದಲಿನಿಂದಲೂ ಆಗದು. ಚಿಕ್ಕವಳಿದ್ದಾಗ ದಿನಾ ಸಂಜೆ ಸ್ಲೇಟು ಹಿಡಿದು ಅವಳ ಹಿಂದೆ ಓಡಾಡಿ ಅಕ್ಷರ ಕಲಿಸಿದೆ. ಕಲಿತಳು, ಆದರೆ ತಾನಾಗಿ ಒಂದು ಸಾಲು ಬರೆದವಳಲ್ಲ. ಮೊಬೈಲಿನಲ್ಲಿ ನನಗೆ ಬರುವ ಸಂದೇಶವೂ ಹಿಂದಿಯಲ್ಲೇ. ಒಂದೇ ಒಂದು ಸಾಲು ಕನ್ನಡದಲ್ಲಿ ಬರೆಯೇ ಎಂದು ಗೋಗರೆದರೆ, ಅಂಥ ಜರೂರತ್ತು ಬಂದಾಗ ಬರೆಯುತ್ತೇನೆ ಎಂದು ನಕ್ಕುಬಿಡುತ್ತಿದ್ದಳು. ಕಾಶಿಯಲ್ಲಿ ಅಂಥ ಜರೂರತ್ತು ಯಾವಾಗ ಬರಬೇಕು ಎಂದು ನಾನೂ ಸುಮ್ಮನಾಗಿದ್ದೆ.

ಅವಳ ಕೆಲಸವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಸಣ್ಣ ತಟ್ಟೆಯಲ್ಲಿ ಮಾಂಸಖಂಡದ ಜೀವಕೋಶಗಳನ್ನು ಬೆಳೆಸಿ ಕೂದಲೆಳೆಯಂತೆ ಮಾಡುತ್ತಾರೆ. ಪಕ್ಕದಲ್ಲಿ ನರಕೋಶಗಳನ್ನು ಬೆಳೆಸುತ್ತಾರೆ. ನರ ಮೆಲ್ಲಗೆ ಬಾಲ ಚಾಚಿಕೊಂಡು ಹೋಗಿ ಮಾಂಸಖಂಡವನ್ನು ಸೇರಬೇಕು. ಸೇರಿದ್ದಕ್ಕೆ ಗುರುತೆಂದರೆ, ನರವನ್ನು ಕೆಣಕಿದಾಗ ಮಾಂಸಖಂಡ ಮಿಡುಕುವುದು. ಕೈಕಾಲಿನ ಶಕ್ತಿ ಉಡುಗುವ ಕೆಲವು ಕಾಯಿಲೆಗಳಲ್ಲಿ ಕೆಡುವುದು ಈ ಕೂಡುವ ಜಾಗವೇ ಅಂತೆ. ತಟ್ಟೆಯಲ್ಲಿ ಅದನ್ನು ಬೆಳೆಸಿದರೆ ಔಷಧವನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಮೊದಲು ಅಲ್ಲಿಯೇ ನೋಡಬಹುದು. ವೀಣಾ ಎರಡು ಸಲ ಬೆಳೆಸಿದ್ದಳು, ಎರಡು ಸಲವೂ ಮಿಡುಕಲಿಲ್ಲ. ಮೂರನೆಯದೂ ಆಗದಿದ್ದರೆ ಈ ವಿಷಯವನ್ನೇ ಬಿಡಬೇಕೆಂದು ಅವಳ ಗೈಡ್ ಹೇಳಿದ್ದರು. ಆ ತಿಂಗಳು ಅವಳು ಸರಿಯಾಗಿ ಊಟ ಮಾಡಿದ್ದು ನಾನು ನೋಡಲಿಲ್ಲ.

ಒಂದು ಭಾನುವಾರ ನೋಡಬೇಕೆಂದು ಹಠ ಹಿಡಿದು ಅವಳ ಜೊತೆ ಹೋದೆ. ಚಪ್ಪಲಿ ಬಿಡಿಸಿ, ಕೈ ತೊಳೆಸಿ, ತಲೆಗೆ ಟೋಪಿ ಹಾಕಿಸಿ, ನನ್ನನ್ನು ಒಂದು ಮೂಲೆಯಲ್ಲಿ ನಿಲ್ಲಿಸಿದಳು. ಮಡಿಯುಟ್ಟ ನನ್ನಜ್ಜಿಯ ಅಡುಗೆಮನೆಯಲ್ಲಿ ಬಾಲ್ಯದಲ್ಲಿ ನಾನು ನಿಲ್ಲುತ್ತಿದ್ದದ್ದೂ ಹೀಗೆಯೇ. "ಏನೂ ಮುಟ್ಟಬೇಡಿ ಅಪ್ಪಾ, ಬಸ್ ನೋಡಿ," ಎಂದು ಒಂದು ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅಷ್ಟರಲ್ಲಿ ಫೋನ್ ಬಂದು ಪಕ್ಕದ ಕೋಣೆಗೆ ಹೋದಳು. ನಾನು ಖಂಡಿತ ಮುಟ್ಟಲಿಲ್ಲ. ಆದರೆ ಮಗಳು ಇಷ್ಟು ಕಷ್ಟಪಟ್ಟು ಒಂದು ಹೊಸ ಕಾರ್ಯ ಹಿಡಿದಿದ್ದಾಳೆ, ಅದು ಹಾಗೇ ಬರಿದಾಗಿ ಕೂತಿದೆ. ಪ್ರೋಕ್ಷಣೆ ಮುಟ್ಟಿದ ಲೆಕ್ಕಕ್ಕೆ ಬರುವುದಿಲ್ಲ, ಮೈಲಿಗೆ ಕಳೆಯುವುದೇ ಅದು. ಕೈ ತಾನಾಗಿ ಚೀಲಕ್ಕೆ ಹೋಯಿತು. ಮೂರೇ ಹನಿ.

ವಾಪಸು ಬರುವಾಗ ರಿಕ್ಷಾದಲ್ಲಿ, ಇಷ್ಟೊಂದು ಮಡಿ ಯಾಕಮ್ಮ ಎಂದು ಕೇಳಿದೆ. ಹೊರಗಿನ ನೀರಿನ ಒಂದು ಹನಿ ಸಾಕು, ಅದರಲ್ಲಿರುವ ಕ್ರಿಮಿಗಳು ಬೆಳೆದು ತಟ್ಟೆಯಲ್ಲಿರುವುದನ್ನೆಲ್ಲ ಒಂದೇ ದಿನದಲ್ಲಿ ಮುಗಿಸಿಬಿಡುತ್ತವೆ ಎಂದಳು. ಒಂದಕ್ಕೇ ಹೀಗಾದರೆ ನಾನು ಹಾಕಿದ್ದು ಮೂರು.

ಮರುದಿನದಿಂದ ಸಂಜೆ ಅವಳು ಮೆಟ್ಟಿಲು ಹತ್ತುವ ಸದ್ದಿಗೆ ನನಗೆ ಬೆವರು. ಮಿಡುಕಿತೇ ಎಂದು ಕೇಳುವಳು ನನ್ನ ಹೆಂಡತಿ, ಇಲ್ಲ ಎನ್ನುವಳು ವೀಣಾ, ಅನ್ನ ಬಿಟ್ಟು ಏಳುವೆನು ನಾನು. ದಶಾಶ್ವಮೇಧ ಘಾಟಿನಲ್ಲಿ ಸಂಕಲ್ಪ ಹೇಳಿಸುವಾಗ ದಾವಣಗೆರೆಯ ಯಜಮಾನರೊಬ್ಬರಿಗೆ ನನ್ನ ಗೋತ್ರವನ್ನೇ ಹೇಳಿಸಿಬಿಟ್ಟೆ. ಅವರು ಮೊಣಕಾಲುದ್ದ ನೀರಿನಲ್ಲಿ ನಿಂತುಕೊಂಡೇ, ನಾವು ನಿಮ್ಮ ಕಡೆಯವರಲ್ಲ ಸ್ವಾಮಿ ಎಂದು ಸಂಕೋಚದಿಂದ ತಿಳಿಸಿದರು. ನಾಲ್ಕನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವಳೆದುರು ಕೂತು ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನ ಕೆಲಸ ಕೆಟ್ಟದ್ದು ನನ್ನಿಂದ, ನಿನ್ನ ಗೈಡ್ ಹತ್ತಿರ ಬೇಕಾದರೆ ನಾನೇ ಬಂದು ಕೈಮುಗಿಯುತ್ತೇನೆ ಎಂದೆ.

ಅವಳು ತನ್ನ ಲೋಟ ಕೆಳಗಿಟ್ಟಳು.

"ತಟ್ಟೆ ಮುಚ್ಚಳದ ಮೇಲೆ ಹನಿ ಇದ್ದದ್ದು ಆವತ್ತೇ ನೋಡಿದೆ ಅಪ್ಪಾ. ಅದು ಕೈ ಪಳಗಿಸಿಕೊಳ್ಳೋಕೆ ಇಟ್ಟಿದ್ದ ತಟ್ಟೆ, ಬಿಸಾಡಿದೆ. ಅಸಲಿ ತಟ್ಟೆನ ನಿಮ್ಮ ಮುಂದೆ ಇಡ್ತೀನಾ? ನಮ್ಮನೆ ಫ್ರಿಜ್‌ಗೆ ಆದದ್ದು ನಂಗೆ ನೆನಪಿಲ್ವಾ?"

ಮತ್ತೇಕೆ ಮಿಡುಕಲಿಲ್ಲ ಎಂದರೆ, ನರ ಇನ್ನೂ ಹೋಗಿ ಸೇರಿಲ್ಲ, ಸಮಯ ಬೇಕು ಎಂದಳು. ನಾಲ್ಕು ದಿನ ಯಾಕೆ ಹೇಳಲಿಲ್ಲವೆಂದರೆ, ನಾನಾಗಿ ಒಪ್ಪಿಕೊಳ್ಳಲಿ ಎಂದು ಕಾಯುತ್ತಿದ್ದಳಂತೆ. ಆ ಕ್ಷಣ ನನಗಾದ ಹಗುರವನ್ನು ಏನೆಂದು ಹೇಳಲಿ! ಆ ದಿನ ಎಲ್ಲ ಯಜಮಾನರಿಗೂ ಅವರವರ ಗೋತ್ರವೇ ಸಿಕ್ಕಿತು.

ಮುಂದಿನ ವಾರ ವೀಣಾ ಫೋನ್ ಮಾಡಿ ಕೂಡಲೇ ಬನ್ನಿ ಎಂದಳು. ಧ್ವನಿಯಲ್ಲೇ ಗೊತ್ತಾಯಿತು. ಈ ಸಲ ಇಟ್ಟಿದ್ದದ್ದು ಅಸಲಿ ತಟ್ಟೆ. ಕಣ್ಣು ಹಚ್ಚಿ ನೋಡಿದೆ. ತೆಳ್ಳನೆಯ ಎಳೆಯೊಂದು ಸುಮ್ಮನೆ ಮಲಗಿತ್ತು. ಅವಳು ಏನೋ ಒತ್ತಿ ನರವನ್ನು ಕೆಣಕಿದಳು, ಎಳೆ ತಟ್ಟನೆ ಮಿಡುಕಿತು. ಮತ್ತೆ ಕೆಣಕಿದಳು, ಮತ್ತೆ ಮಿಡುಕಿತು. ನನ್ನ ಕಣ್ಣು ಮಂಜಾಯಿತು, ಕೈ ಚೀಲಕ್ಕೆ ಹೋಯಿತು. ವೀಣಾ ಸೂಕ್ಷ್ಮದರ್ಶಕದ ನೆತ್ತಿಗೆ ಬೆರಳು ತೋರಿಸಿದಳು. ಅಲ್ಲಿ ಒಂದು ಚೀಟಿ, ನೀಲಿ ಶಾಯಿಯ ದಪ್ಪ ಅಕ್ಷರಗಳಲ್ಲಿ: "ಅಪ್ಪಾ, ನೀರು ಚಿಮುಕಿಸಿದರೂ ಮುಟ್ಟಿದ ಹಾಗೆಯೇ."

ಆ ಇಡೀ ಕಟ್ಟಡದಲ್ಲಿ ಅದನ್ನು ಓದಬಲ್ಲವರು ನಾವಿಬ್ಬರೇ. ಅಂತೂ ಜರೂರತ್ತು ಬಂದಿತ್ತು. ಅಷ್ಟು ವರ್ಷ ಸ್ಲೇಟು ಹಿಡಿದು ಓಡಿದ್ದಕ್ಕೆ ಸಿಕ್ಕ ಆ ಒಂದು ಸಾಲನ್ನು ಬೇಡಿ ಇಸಕೊಂಡು ಮನೆಗೆ ತಂದು, ಸ್ನಾನ ಮಾಡಿ, ದೇವರ ಮುಂದೆ ಇಟ್ಟೆ. ಕೈ ತನ್ನ ಕೆಲಸ ಮಾಡಿ ಮುಗಿಸಿದ ಮೇಲೆಯೇ ನನಗೆ ಎಚ್ಚರವಾದದ್ದು. ಶಾಯಿ ಹರಿದು ಸಾಲೆಲ್ಲ ನೀಲಿ ನೀರಾಯಿತು. ಈಗ ಅದರಲ್ಲಿ ಓದಲು ಬರುವುದು "ಅಪ್ಪಾ" ಎನ್ನುವುದೊಂದೇ.